ಗುಂಡಿಯಣ್ಣನ ಎರಡನೇ ಗುಂಡಿ

ಆ ಕೊಡೆ ಕಾರ್ಖಾನೆಗೆ ಸಮಾನತೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ, ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ. ಸಮಯವನ್ನು ಇಷ್ಟು ಕರಾರುವಾಕ್ಕಾಗಿ ಹೇಳುವುದಕ್ಕೆ ಸಾಕ್ಷಿ ಇದೆ. ಅಂದು ಬೆಳಿಗ್ಗೆ ಎಲ್ಲರಿಗೂ ಒಂದೇ ಬಣ್ಣದ, ಒಂದೇ ಅಳತೆಯ ಕಂದು ಕೋಟು ಹಂಚಿದ್ದರು. ಧಣಿ ಹೋದರು, ಇನ್ನು ಮೇಲೆ ಕಾರ್ಖಾನೆ ಎಲ್ಲರದೂ, ಇಲ್ಲಿ ದೊಡ್ಡವರೂ ಇಲ್ಲ ಚಿಕ್ಕವರೂ ಇಲ್ಲ ಎಂದು ಧ್ವನಿವರ್ಧಕ ಕೂಗಿದ ಕೂಡಲೇ ಜನ ಎದ್ದು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಆ ರಭಸಕ್ಕೆ ಗುಂಡಿಯಣ್ಣನ ಹೊಸ ಕೋಟಿನ ಎರಡನೇ ಗುಂಡಿ ಕಿತ್ತು ಹಾರಿ, ಗೋಡೆ ಗಡಿಯಾರದ ಗಾಜಿಗೆ ಟಣ್ಣೆಂದು ಬಡಿಯಿತು. ಎಲ್ಲರೂ ತಲೆಯೆತ್ತಿ ನೋಡಿದರು. ಹನ್ನೊಂದು ಹತ್ತು.

ಗುಂಡಿಯಣ್ಣನ ಕೆಲಸವೇ ಗುಂಡಿ ಹೊಲಿಯುವುದು. ಮಡಚಿದ ಕೊಡೆಯನ್ನು ಸುತ್ತಿ ಬಿಗಿಯುವುದಕ್ಕೆ ಒಂದು ಪುಟ್ಟ ಪಟ್ಟಿ ಇರುತ್ತದಲ್ಲ, ಅದರ ತುದಿಯ ಗುಂಡಿ. ದಿನಕ್ಕೆ ನಾನೂರು. ಹತ್ತೊಂಬತ್ತು ವರ್ಷಗಳಲ್ಲಿ ಅವನು ಹೊಲಿದ ಗುಂಡಿ ಕಿತ್ತು ಬಂತೆಂದು ಒಂದು ಕೊಡೆಯೂ ವಾಪಸ್ಸು ಬಂದಿರಲಿಲ್ಲ. ಅಂಥ ಕೈಯವನು ತನ್ನ ಕೋಟಿನ ಗುಂಡಿಯನ್ನು ಮಾತ್ರ ಆರು ವರ್ಷದಿಂದ ನಾಳೆ ಹೊಲಿಯುವವನಿದ್ದ. ಹೆಂಡತಿ ಸೂಜಿ ಹಿಡಿದು ಬಂದರೆ, "ಬೇಡ ಕಣೇ, ನನ್ನ ಕೆಲಸ ನಾನೇ ಮಾಡ್ಕೋಬೇಕು" ಎಂದು ಕೋಟನ್ನು ಕಸಿದುಕೊಳ್ಳುತ್ತಿದ್ದ. ಮರುಕ್ಷಣ ಮರೆಯುತ್ತಿದ್ದ.

ಅವನ ಬಗ್ಗೆ ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಧ್ವನಿವರ್ಧಕ ಅಂದು ಕೂಗಿದ್ದನ್ನು ಆ ಕಾರ್ಖಾನೆಯಲ್ಲಿ ಎಲ್ಲರೂ ಕೇಳಿಸಿಕೊಂಡಿದ್ದರು, ಎಲ್ಲರೂ ಚಪ್ಪಾಳೆ ತಟ್ಟಿದ್ದರು, ಕೆಲವರು ಕಣ್ಣೊರೆಸಿಕೊಂಡದ್ದೂ ಉಂಟು. ಆದರೆ ಪೂರ್ತಿ ನಂಬಿದವನು ಗುಂಡಿಯಣ್ಣ ಒಬ್ಬನೇ. ನಂಬುವುದಕ್ಕೂ ಒಂದು ಗಟ್ಟಿ ಎದೆ ಬೇಕು. ಅದು ಅವನಿಗಿತ್ತು, ಇದೆಯೆಂಬುದು ಅವನಿಗೆ ಗೊತ್ತಿರಲಿಲ್ಲ ಅಷ್ಟೆ.

ಸಮಾನತೆ ಬಂದ ಮೇಲೆ ಹೆಸರುಗಳೆಲ್ಲ ಬದಲಾದವು. ಮ್ಯಾನೇಜರ್ ಎಂಬ ಬೋರ್ಡು ಇಳಿದು ‘ಸರದಿ ಸಂಗಾತಿ’ ಎಂಬ ಬೋರ್ಡು ಏರಿತು. ತಿಂಗಳಿಗೊಬ್ಬರಂತೆ ಎಲ್ಲರೂ ಆ ಕುರ್ಚಿಯಲ್ಲಿ ಕೂರಬೇಕೆಂದು ನಿಯಮ. ಸರದಿ ಹಳೆಯ ಮ್ಯಾನೇಜರಿಂದಲೇ ಶುರುವಾಯಿತು. ಮುಂದಿನವರು ಯಾರೆಂದು ಪಟ್ಟಿ ಮಾಡುವ ಕೆಲಸವೂ ಅವರದೇ. ಅವಸರದಲ್ಲಿ ಮಾಡಿದರೆ ಯಾರಿಗಾದರೂ ಅನ್ಯಾಯವಾದೀತೆಂದು ಹೆದರಿ ಅವರು ನಿಧಾನವಾಗಿ ಮಾಡುತ್ತಿದ್ದುದರಿಂದ, ಆರು ವರ್ಷವಾದರೂ ಪಟ್ಟಿ ತಯಾರಾಗುತ್ತಲೇ ಇತ್ತು.

ಇನ್ನು ಊಟದ ಕೋಣೆ. ಅಲ್ಲಿ ಆರು ಮೇಜುಗಳು. ‘ಯಾರು ಎಲ್ಲಿ ಬೇಕಾದರೂ ಕೂರಬಹುದು’ ಎಂದು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಜನ ದಿನವೂ ಆ ಬರಹದ ಕೆಳಗೇ ಹಾದು ಹೋಗಿ, ಧಣಿಯ ಕಾಲದಲ್ಲಿ ಎಲ್ಲಿ ಕೂರುತ್ತಿದ್ದರೋ ಅಲ್ಲೇ ಕೂರುತ್ತಿದ್ದರು. ಕಿಟಕಿಯ ಪಕ್ಕದ ಒಂದನೇ ಮೇಜು ಸರದಿ ಸಂಗಾತಿಗೂ ಬಟ್ಟೆ ಕತ್ತರಿಸುವವರಿಗೂ. ಕತ್ತರಿಸುವವರ ಹಿರಿಯಳನ್ನು ಎಲ್ಲರೂ ಕತ್ತರಿಯಕ್ಕ ಎನ್ನುತ್ತಿದ್ದರು. ಎಂಟು ತುಂಡು ಬಟ್ಟೆಯಲ್ಲಿ ಒಂದು ಎಳೆಯಷ್ಟು ಹೆಚ್ಚುಕಡಿಮೆಯಾದರೂ ಕೊಡೆ ಹಿಡಿದವನ ಮೂಗಿನ ಮೇಲೆ ಹನಿ ಬೀಳುತ್ತದೆ. ಆಕೆಯ ಕೈಯಲ್ಲಿ ಒಮ್ಮೆಯೂ ಹಾಗಾದದ್ದಿಲ್ಲ. ಎರಡನೇ ಮೇಜು ಕಡ್ಡಿ ಜೋಡಿಸುವವರದು, ಮೂರನೆಯದು ಬಟ್ಟೆ ಹೊಲಿಯುವವರದು. ಹೀಗೆ ಇಳಿಯುತ್ತಾ ಇಳಿಯುತ್ತಾ ಆರನೆಯದು ಕೈ ತೊಳೆಯುವ ನಲ್ಲಿಯ ಪಕ್ಕ. ಕೈ ತೊಳೆದವರೆಲ್ಲ ಕೈ ಕೊಡವುತ್ತಿದ್ದುದು ಅದರ ಕಡೆಗೇ. ಅದರ ಒಂದು ಕಾಲು ಗಿಡ್ಡ ಬೇರೆ. ಅಲ್ಲಿ ಹತ್ತೊಂಬತ್ತು ವರ್ಷದಿಂದ ಎದುರುಬದುರು ಕೂರುತ್ತಿದ್ದವರು ಗುಂಡಿಯಣ್ಣ ಮತ್ತು ಕೊಡೆಗೆ ಹಿಡಿ ಕೂರಿಸುವ ಗೊಣಗಪ್ಪ.

ಗೊಣಗಪ್ಪ ಯಾಕೆ ಆ ಹೆಸರು ಪಡೆದನೆಂದು ವಿವರಿಸಬೇಕಾಗಿಲ್ಲ. ಬಿಸಿಲಿದ್ದರೆ ಬಿಸಿಲೆಂದು, ಮೋಡವಿದ್ದರೆ ಮೋಡವೆಂದು ಗೊಣಗುತ್ತಿದ್ದ. ಗುಂಡಿಯಣ್ಣ ಅದಕ್ಕೆಲ್ಲ ಹೂಂಗುಡುತ್ತಾ, ದಿನಕ್ಕೊಮ್ಮೆಯಾದರೂ ಚಮಚ ಕೆಳಗೆ ಬೀಳಿಸುತ್ತಾ ಉಣ್ಣುತ್ತಿದ್ದ. ಗೊಣಗಪ್ಪ ಗೊಣಗುತ್ತಲೇ ಬಗ್ಗಿ ಅದನ್ನು ಎತ್ತಿಕೊಡುತ್ತಿದ್ದ. ಇಬ್ಬರಿಗೂ ಆ ಹೊತ್ತಿಲ್ಲದೆ ದಿನ ಮುಗಿಯುತ್ತಿರಲಿಲ್ಲ.

ಬಡಿಸುವವಳು ಸೌಟಮ್ಮ. "ನಾನು ಯಾರಿಗೂ ಭೇದ ಮಾಡಲ್ಲಪ್ಪ. ಎಲ್ಲರಿಗೂ ಒಂದೇ ಪಾತ್ರೆ, ಒಂದೇ ಸೌಟು" ಎನ್ನುತ್ತಿದ್ದಳು. ಆ ಮಾತು ಸತ್ಯ. ಸೌಟು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದಷ್ಟೇ ಬೇರೆ. ಒಂದನೇ ಮೇಜಿಗೆ ತಳ ಮುಟ್ಟಿ ಮೂರು ಆಲೂಗಡ್ಡೆ ಹೊತ್ತು ಬರುತ್ತಿತ್ತು. ಆರನೇ ಮೇಜಿಗೆ ಬರುವ ಹೊತ್ತಿಗೆ ಸೂಪಿನ ಮೇಲಿನ ತಿಳಿಯಲ್ಲಿ ತನ್ನ ಮುಖ ನೋಡಿಕೊಂಡು ವಾಪಸ್ಸಾಗುತ್ತಿತ್ತು.

ಹೀಗಿರುವಾಗ ಮೇಲಿನ ಕಚೇರಿಯಿಂದ ಒಂದು ಕಾಗದ ಬಂತು. ‘ಕಾರ್ಖಾನೆಗಳ ಊಟದ ಕೋಣೆಗಳಲ್ಲಿ ಗುಂಪುಗಳು ಕಟ್ಟಿಕೊಳ್ಳುತ್ತಿರುವುದು ಗಮನಕ್ಕೆ ಬಂದಿದೆ. ಕೂಡಲೇ ನಿವಾರಿಸುವುದು. ಗುಂಪಿನ ನಾಯಕರು ಕಂಡುಬಂದಲ್ಲಿ ಅವರನ್ನು ದೂರದ ಡಬ್ಬಿ ಕಾರ್ಖಾನೆಗೆ ಕಳಿಸಲಾಗುವುದು.’

ಸಭೆ ಸೇರಿತು. ನಮ್ಮಲ್ಲಿ ಗುಂಪುಗಳೇ ಇಲ್ಲವೆಂದು ಒಂದನೇ ಮೇಜಿನವರೆಲ್ಲ ಒಂದು ಕಡೆ ಕೂತು ಹೇಳಿದರು. ಎರಡನೇ ಮೇಜಿನವರು ಇನ್ನೊಂದು ಕಡೆ ಕೂತು ಒಪ್ಪಿದರು. ಆದರೂ ಕಾಗದಕ್ಕೆ ಉತ್ತರ ಬರೆಯಬೇಕಲ್ಲ. ಪ್ರತಿ ಸೋಮವಾರ ಡಬ್ಬದಿಂದ ಚೀಟಿ ಎತ್ತುವುದು, ಚೀಟಿಯಲ್ಲಿ ಬಂದ ಮೇಜಿನಲ್ಲಿ ಆ ವಾರ ಕೂರುವುದು ಎಂದು ತೀರ್ಮಾನವಾಯಿತು.

ಸೋಮವಾರ ಬಂತು. ಎಲ್ಲರೂ ಶ್ರದ್ಧೆಯಿಂದ ಸಾಲಾಗಿ ನಿಂತು ಚೀಟಿ ಎತ್ತಿದರು, ಬಿಚ್ಚಿ ಓದಿದರು, "ಓಹೋ" ಎಂದರು, ಜೇಬಿಗೆ ಹಾಕಿಕೊಂಡು ತಮ್ಮ ತಮ್ಮ ಹಳೆಯ ಮೇಜಿಗೆ ಹೋಗಿ ಕೂತರು. ಚೀಟಿ ಎತ್ತಬೇಕೆಂದು ತೀರ್ಮಾನವಾಗಿತ್ತು, ಎತ್ತಿದ್ದಾಯಿತು. ‘ಈಗ ಎಲ್ಲರೂ ಚೀಟಿಯ ಪ್ರಕಾರವೇ ಕೂರುತ್ತಿದ್ದಾರೆ’ ಎಂದು ಸರದಿ ಸಂಗಾತಿ ಉತ್ತರ ಬರೆದರು. ಆರು ವಾರ ಹೀಗೇ ನಡೆಯಿತು.

ಗುಂಡಿಯಣ್ಣನಿಗೆ ಈ ಸಂಗತಿ ತಿಳಿಯಲೇ ಇಲ್ಲ. ಬೆಳಗಿನ ಇನ್ನೂರರಲ್ಲಿ ಕೊನೆಯ ಹತ್ತು ಗುಂಡಿ ಮುಗಿಸಿ ಅವನು ಬರುವ ಹೊತ್ತಿಗೆ ಚೀಟಿ ಎತ್ತುವುದು ಮುಗಿದಿರುತ್ತಿತ್ತು. ಅವನ ಪಾಲಿನದನ್ನೂ ಗೊಣಗಪ್ಪನೇ ಎತ್ತಿರುತ್ತಿದ್ದ.

"ಏನ್ ಬಂತೋ?" ಎಂದು ಗುಂಡಿಯಣ್ಣ ಏದುಸಿರು ಬಿಡುತ್ತಾ ಕೇಳುವನು.

"ಆರು."

"ನಿಂಗೆ?"

"ನಂಗೂ ಆರೇ. ನಮ್ಮ ಹಣೇಲಿ ಇನ್ನೇನಿರುತ್ತೆ?" ಎಂದು ಗೊಣಗಪ್ಪ ಚೀಟಿಗಳನ್ನು ಮಡಚಿ ಮೇಜಿನ ಗಿಡ್ಡ ಕಾಲಿನ ಕೆಳಗೆ ತುರುಕುವನು.

ಗುಂಡಿಯಣ್ಣನ ಸಂತೋಷ ಹೇಳತೀರದು. ಇಷ್ಟೊಂದು ಮೇಜುಗಳಿರುವಾಗ ಮತ್ತೆ ಮತ್ತೆ ಅದೇ ಮೇಜು, ಅದೇ ಗೆಳೆಯ! ಮನೆಗೆ ಹೋಗಿ ಹೆಂಡತಿಗೆ, "ಚೀಟಿಗೂ ಕಣ್ಣಿದೆ ಕಣೇ" ಎಂದಿದ್ದ.

ಏಳನೇ ಸೋಮವಾರ ಗೊಣಗಪ್ಪನಿಗೆ ಹಲ್ಲುನೋವು ಬಂತು. ಈ ಕಥೆಯಲ್ಲಿ ನಡೆದದ್ದಕ್ಕೆಲ್ಲ ಆ ದವಡೆ ಹಲ್ಲೇ ಹೊಣೆ.

ಅಂದು ಗುಂಡಿಯಣ್ಣ ತಾನೇ ಓಡೋಡಿ ಬಂದು, ಡಬ್ಬದಲ್ಲಿ ಉಳಿದಿದ್ದ ಎರಡು ಚೀಟಿಗಳಲ್ಲಿ ಒಂದನ್ನು ಎತ್ತಿದ. ಬಿಚ್ಚಿದ. ಒಂದು. ತಿರುಗಿಸಿ ನೋಡಿದ, ಆಗಲೂ ಒಂದೇ. ಗೆಳೆಯನಿಲ್ಲದ ದಿನ ಎಲ್ಲಾದರೇನು ಎಂದುಕೊಂಡು ತಟ್ಟೆ ಎತ್ತಿಕೊಂಡು ನೆಟ್ಟಗೆ ಕಿಟಕಿಯ ಪಕ್ಕದ ಮೇಜಿಗೆ ಹೋಗಿ, ಸರದಿ ಸಂಗಾತಿಗೂ ಕತ್ತರಿಯಕ್ಕನಿಗೂ ನಡುವೆ ಇದ್ದ ಖಾಲಿ ಜಾಗದಲ್ಲಿ ಕೂತುಬಿಟ್ಟ.

ಕೋಣೆಯಲ್ಲಿ ಅರವತ್ತು ಚಮಚಗಳು ಒಟ್ಟಿಗೆ ನಿಂತವು. ನಲ್ಲಿ ಕೂಡ ತೊಟ್ಟಿಕ್ಕುವುದನ್ನು ನಿಲ್ಲಿಸಿತೆಂದು ಐದನೇ ಮೇಜಿನವರು ಆಮೇಲೆ ಆಣೆ ಹಾಕಿ ಹೇಳಿದರು.

"ಏನಿದು?" ಎಂದರು ಸರದಿ ಸಂಗಾತಿ.

"ಚೀಟಿ" ಎಂದ ಗುಂಡಿಯಣ್ಣ, ತೋರಿಸಿ.

ಅದಕ್ಕೆ ಎದುರು ಹೇಳುವಂತಿರಲಿಲ್ಲ. ಚೀಟಿಯ ನಿಯಮ ಬರೆದು ಸಹಿ ಹಾಕಿದವರು ಅವರೇ. ಗುಂಡಿಯಣ್ಣ ಮಾತು ಬೆಳೆಸಬೇಕೆಂದು, ಹೊಸ ಜಾಗದ ಸಂಕೋಚದಲ್ಲಿ, ತನ್ನ ಮನಸ್ಸಿನಲ್ಲಿದ್ದ ಬೆರಗನ್ನೇ ಹೇಳಿದ: "ನಿಮಗೊಂದು ವಿಷಯ ಗೊತ್ತಾ? ಆರು ವಾರದಿಂದ ನಮ್ಮಿಬ್ಬರಿಗೂ ಅದೇ ಆರನೇ ಮೇಜೇ ಬರ್ತಿತ್ತು. ವಿಚಿತ್ರ ಅಲ್ವಾ? ಮೇಲಿನ ಕಚೇರಿಯವರಿಗೆ ಇದನ್ನ ಬರೆದು ತಿಳಿಸ್ಬೇಕು ಅಂತಿದೀನಿ. ಅವರಿಗೂ ಖುಷಿಯಾಗುತ್ತೆ."

ಸರದಿ ಸಂಗಾತಿಗೆ ಆಲೂಗಡ್ಡೆ ಗಂಟಲಲ್ಲಿ ಸಿಕ್ಕಿತು. ಕತ್ತರಿಯಕ್ಕ ಅವರ ಬೆನ್ನಿಗೆ ಗುದ್ದುತ್ತಾ ಗುಂಡಿಯಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಷ್ಟು ಧೈರ್ಯವಾಗಿ ಬಂದು ಕೂತವನು, ಕೂತವನೇ ಆರು ವಾರದ ಲೆಕ್ಕ ಎತ್ತಿದವನು, ಮೇಲಿನ ಕಚೇರಿಗೆ ಕಾಗದ ಬರೆಯುವವನು. ಇಬ್ಬರೂ ಕಣ್ಣಲ್ಲೇ ಮಾತಾಡಿಕೊಂಡರು. ಊಟ ಮುಗಿಯುವುದರೊಳಗೆ ಸುದ್ದಿ ಒಂದನೇ ಮೇಜಿನಿಂದ ಆರನೇ ಮೇಜಿಗೆ ತಲುಪಿತು, ಸೂಪಿನಂತೆ ತೆಳ್ಳಗಾಗದೆ ಮೇಜಿನಿಂದ ಮೇಜಿಗೆ ಗಟ್ಟಿಯಾಗುತ್ತಾ: ಗುಂಡಿಯಣ್ಣ ಮೇಲಿನವರ ಕಡೆಯ ಮನುಷ್ಯ. ಹತ್ತೊಂಬತ್ತು ವರ್ಷದಿಂದ ಗುಂಡಿ ಹೊಲಿಯುವ ವೇಷದಲ್ಲಿ ನಮ್ಮನ್ನೆಲ್ಲ ನೋಡುತ್ತಿದ್ದಾನೆ.

ಮೇಲಿನವರು ಅಧಿಕಾರಕ್ಕೆ ಬಂದದ್ದೇ ಆರು ವರ್ಷದ ಹಿಂದಲ್ಲವೇ ಎಂದು ಯಾರೂ ಕೇಳಲಿಲ್ಲ.

ಸೌಟಮ್ಮ ಅವನ ತಟ್ಟೆಗೆ ತಳದಿಂದ ಮೊಗೆದು ಹಾಕಿದಳು. ಮೂರು ಆಲೂಗಡ್ಡೆ! ಮಧ್ಯಾಹ್ನ ಸರದಿ ಸಂಗಾತಿ ಅವನ ಕೆಲಸದ ಜಾಗಕ್ಕೇ ಬಂದು, "ಬೆಳಕು ಸಾಕಾ? ಕೂರೋಕೆ ಗಟ್ಟಿ ಅನ್ಸುತ್ತಾ?" ಎಂದು ವಿಚಾರಿಸಿ, ಒಂದು ಮೇಜುದೀಪವನ್ನೂ ಒಂದು ದಿಂಬನ್ನೂ ಕಳಿಸಿದರು. ಗುಂಡಿಯಣ್ಣ ದಿಂಬನ್ನು ಎದೆಗೊತ್ತಿಕೊಂಡ. ಅವನ ತಲೆಗೆ ಹೊಳೆದದ್ದು ಒಂದೇ. ಆರು ವರ್ಷದಿಂದ ದಾರಿಯಲ್ಲಿದ್ದ ಸಮಾನತೆ ಇವತ್ತು ತನ್ನ ಮೇಜಿಗೂ ಬಂದು ಮುಟ್ಟಿತು.

"ಕತ್ತರಿಯಕ್ಕ ನಂಗೆ ಉಪ್ಪು ದಾಟಿಸಿದ್ರು ಕಣೇ" ಎಂದು ಅವನು ಮನೆಯಲ್ಲಿ ಹೇಳಿದಾಗ ಹೆಂಡತಿ ಮಾಡುತ್ತಿದ್ದ ಕೆಲಸ ಬಿಟ್ಟು ಕೂತಳು.

"ತಾವೇ?"

"ಕೇಳಿರಲೂ ಇಲ್ಲ."

ಮರುದಿನವೇ ಮೇಲಂತಸ್ತಿನ ಮನೆಯಾಕೆಗೂ ಸುದ್ದಿ ಮುಟ್ಟಿ, ಅವಳು ತನ್ನ ಚಾಪೆಯನ್ನು ಇವರ ಕಿಟಕಿಯ ಮೇಲೆ ಕೊಡವುವುದನ್ನು ನಿಲ್ಲಿಸಿದಳು. ಮೆಟ್ಟಿಲಲ್ಲಿ ಎದುರಾದಾಗ, "ಚೆನ್ನಾಗಿದೀರಾ ತಾಯಿ? ನಾವೆಲ್ಲ ಒಂದೇ ಅಲ್ವಾ!" ಎಂದು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು. ಒಂದೇ ಕಟ್ಟಡದಲ್ಲಿದ್ದ ಹನ್ನೆರಡು ವರ್ಷದಲ್ಲಿ ಅವಳು ನಕ್ಕದ್ದು ಅದೇ ಮೊದಲು.

"ರೀ, ಸಮಾನತೆ ಇಷ್ಟು ಚೆನ್ನಾಗಿರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ನಾವೇನೋ ಬೇರೆಯವರಿಗಿಂತ ಸ್ವಲ್ಪ ಮೇಲೆ ಅನ್ನೋ ಹಾಗಿದೆ" ಎಂದಳು ಹೆಂಡತಿ. ಗುಂಡಿಯಣ್ಣ ತಲೆದೂಗಿದ. ಹೌದು, ಸಮಾನತೆ ಎಂದರೆ ಹೀಗೇ ಇರಬೇಕು.

ಬುಧವಾರ ಗೊಣಗಪ್ಪ ಊದಿದ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಬಂದ. ತಟ್ಟೆ ಹಿಡಿದು ಆರನೇ ಮೇಜಿಗೆ ಹೋದ. ಎದುರಿನ ಸ್ಟೂಲು ಖಾಲಿ. ತಲೆಯೆತ್ತಿದರೆ ಗುಂಡಿಯಣ್ಣ ಕಿಟಕಿಯ ಬೆಳಕಿನಲ್ಲಿ, ಕತ್ತರಿಯಕ್ಕನ ಪಕ್ಕದಲ್ಲಿ. ಗುಂಡಿಯಣ್ಣ ಚಮಚ ಬೀಳಿಸಿದ. ಮೂವರು ಕತ್ತರಿಯವರು ಒಟ್ಟಿಗೆ ಬಗ್ಗಿದರು. ಗೊಣಗಪ್ಪ ಅದನ್ನು ನೋಡಿ ಏನೂ ಗೊಣಗಲಿಲ್ಲ. ತಟ್ಟೆಯನ್ನು ಹಾಗೇ ಇಟ್ಟು ಎದ್ದು ಹೋದ.

ಸಂಜೆ ಗೇಟಿನ ಬಳಿ ಗುಂಡಿಯಣ್ಣ ಅವನನ್ನು ಹಿಡಿದ.

"ಊಟ ಬಿಟ್ಟು ಹೋದ್ಯಲ್ಲೋ? ಹಲ್ಲು ಇನ್ನೂ ನೋಯ್ತಿದೆಯಾ?"

"ಹಲ್ಲು ಸರಿ ಇದೆ."

"ಚೀಟಿ ಹಾಗೆ ಬಂತು ಕಣೋ. ನಾನೇನ್ ಮಾಡ್ಲಿ? ಮುಂದಿನ ಸೋಮವಾರ ಮತ್ತೆ ಆರು ಬರುತ್ತೆ ನೋಡು. ಆರು ಸಲ ಬಂದಿದ್ದು ಏಳನೇ ಸಲ ಬರಲ್ವಾ?"

ಗೊಣಗಪ್ಪನ ಬಾಯಿಗೆ ಏನೋ ಬಂತು. ನುಂಗಿಕೊಂಡ. "ದೊಡ್ಡವರು. ತಳದ ಸೂಪು ಕುಡಿಯೋರು. ನಮ್ಮಂಥೋರ ಹತ್ರ ಮಾತಾಡ್ತಾ ನಿಂತ್ರೆ ಹೆಸರು ಕೆಡುತ್ತೆ, ಹೋಗಿ" ಎಂದು ಬಹುವಚನ ಹಚ್ಚಿ ನಡೆದುಬಿಟ್ಟ.

ಹತ್ತೊಂಬತ್ತು ವರ್ಷದಲ್ಲಿ ಅವನ ಬಾಯಲ್ಲಿ ಬಂದ ಮೊದಲ ‘ಹೋಗಿ’ ಅದು. ಗುಂಡಿಯಣ್ಣನಿಗೆ ಆ ರಾತ್ರಿಯ ಊಟ ರುಚಿಸಲಿಲ್ಲ. ಮೇಜುದೀಪ ಬೇಡ, ದಿಂಬು ಬೇಡ, ಮೂರು ಆಲೂಗಡ್ಡೆಯೂ ಬೇಡ, ಆರನೇ ಮೇಜಿನ ಆ ಸ್ಟೂಲು ವಾಪಸ್ಸು ಸಿಕ್ಕರೆ ಸಾಕಾಗಿತ್ತು. ಆದರೆ ಚೀಟಿಯನ್ನು ಮೀರುವುದು ಹೇಗೆ? ಎಲ್ಲರೂ ಚೀಟಿಗೆ ತಲೆಬಾಗಿ ಕೂತಿರುವಾಗ, ತನಗೆ ಬೇಕಾದಲ್ಲಿ ತಾನೊಬ್ಬ ಹೋಗಿ ಕೂತರೆ ಅದು ಯಾವ ನ್ಯಾಯ? ಸೋಮವಾರಕ್ಕಾಗಿ ಕಾದ.

ಸೋಮವಾರ ಅವನು ಬಂದಾಗ ಸರದಿ ಸಂಗಾತಿ ತಾವೇ ಡಬ್ಬ ಹಿಡಿದು ನಿಂತಿದ್ದರು. ಇಂಥ ಮನುಷ್ಯ ಕಣ್ಣೆದುರಿಗೇ ಇರುವುದು ಕ್ಷೇಮವೆಂದು ಅವರ ತೀರ್ಮಾನ. ಅವನಿಗೆಂದೇ ಬೇರೆ ಡಬ್ಬ ಮಾಡಿಸಿದ್ದರು. ಅದರಲ್ಲಿದ್ದವು ಬರೀ ಒಂದುಗಳು. ಗುಂಡಿಯಣ್ಣ ಕಣ್ಣು ಮುಚ್ಚಿ ಎತ್ತಿದ. ಒಂದು. ಅದರ ಮುಂದಿನ ಸೋಮವಾರವೂ ಒಂದು. ಆರನೇ ಮೇಜಿನಲ್ಲಿ ಗೊಣಗಪ್ಪ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ.

ಈ ನಡುವೆ ಕಾರ್ಖಾನೆಯಲ್ಲಿ ಇನ್ನೊಂದು ಬೆಳವಣಿಗೆಯಾಯಿತು. ಕತ್ತರಿಯಕ್ಕ ಸೂಕ್ಷ್ಮ ಕಣ್ಣಿನವಳು. ಗುಂಡಿಯಣ್ಣನ ಕೋಟಿನಲ್ಲಿ ಎರಡನೇ ಗುಂಡಿ ಇಲ್ಲದ್ದನ್ನು ಗಮನಿಸಿದಳು. ಗುಂಡಿ ಹೊಲಿಯುವವನ ಕೋಟಿನಲ್ಲಿ ಗುಂಡಿ ಇಲ್ಲವೆಂದರೆ ಅದು ಮರೆವಾಗಿರಲು ಸಾಧ್ಯವೇ? ಮೇಲಿನವರು ಈಗ ಹೀಗೇ ತೊಡುತ್ತಿರಬೇಕು. ಮಂಗಳವಾರ ಅವಳ ಎರಡನೇ ಗುಂಡಿ ಮಾಯವಾಯಿತು. ಬುಧವಾರ ಉಳಿದ ಕತ್ತರಿಯವರದು, ಗುರುವಾರ ಸರದಿ ಸಂಗಾತಿಯದು. ಕಡ್ಡಿ ಜೋಡಿಸುವವರು ಇದನ್ನು ಕಂಡು ಸುಮ್ಮನಿರುವವರೇ? ಶುಕ್ರವಾರ ಎರಡನೇ ಮೇಜು ಪೂರ್ತಿ ಎದೆ ತೆರೆದು ಕೂತಿತ್ತು. ಹೊಲಿಗೆಯವರು ಕೇಳಿಕೊಂಡಾಗ, "ನಿಮಗ್ಯಾಕೆ ಅದೆಲ್ಲ? ಇದು ಎಲ್ಲರಿಗೂ ಅಲ್ಲ" ಎಂದರಂತೆ. ಹಾಗಂದದ್ದೇ ತಡ, ಎಲ್ಲರೂ ಕಿತ್ತರು. ಮುಂದಿನ ವಾರದ ಹೊತ್ತಿಗೆ ಇಡೀ ಕಾರ್ಖಾನೆಯಲ್ಲಿ ಎಲ್ಲ ಗುಂಡಿಗಳನ್ನೂ ಹಾಕಿಕೊಂಡಿದ್ದವನು ಗೊಣಗಪ್ಪ ಒಬ್ಬನೇ. ಜನ ಅವನನ್ನು ನೋಡಿ ಮರುಗುತ್ತಿದ್ದರು.

ಗುಂಡಿಯಣ್ಣ ಮಾತ್ರ ಅಲ್ಲಲ್ಲಿ ಉದುರಿ ಬಿದ್ದಿದ್ದ ಗುಂಡಿಗಳನ್ನು ಆರಿಸಿ ಒಂದು ಡಬ್ಬಿಯಲ್ಲಿ ಹಾಕಿಡುತ್ತಿದ್ದ. "ಈ ಕೋಟುಗಳ ದಾರ ಸರಿ ಇಲ್ಲ ಅಂತ ಕಾಣುತ್ತೆ ಪಾಪ" ಎಂದುಕೊಂಡ.

ಮೂರನೇ ವಾರದ ಗುರುವಾರ ಮಧ್ಯಾಹ್ನ, ಸರಿಯಾಗಿ ಊಟದ ಹೊತ್ತಿಗೆ, ಮೇಲಿನ ಕಚೇರಿಯಿಂದ ಇಬ್ಬರು ತನಿಖೆಗೆ ಬಂದರು. ಒಬ್ಬಾಕೆ ಕೈಚೀಲದವಳು, ಇನ್ನೊಬ್ಬ ಪೆನ್ಸಿಲಿನವನು. ಅವರಲ್ಲೂ ಭೇದವಿಲ್ಲ. ಆಕೆ ಬಾಗಿಲು ದಾಟುವವರೆಗೆ ಅವನು ಹೊರಗೇ ನಿಂತಿದ್ದ, ಅಷ್ಟೆ.

ಸರದಿ ಸಂಗಾತಿ ಬೆವರುತ್ತಾ, ಹೆಮ್ಮೆಯಿಂದ ಗುಂಡಿಯಣ್ಣನನ್ನೇ ಮುಂದೆ ಮಾಡಿದರು. ತಮ್ಮ ಕಡೆಯ ಮನುಷ್ಯನನ್ನು ಅವರು ಗುರುತು ಹಿಡಿಯದೆ ಇರುತ್ತಾರೆಯೇ ಎಂಬ ಧೈರ್ಯ.

"ಇಲ್ಲಿ ಎಲ್ಲರೂ ಚೀಟಿ ಪ್ರಕಾರ ಕೂರ್ತಾರಾ?" ಎಂದು ಆಕೆ ಕೇಳಿದಳು.

"ಹೂಂ, ಎಲ್ಲರೂ" ಎಂದ ಗುಂಡಿಯಣ್ಣ. ಅವನ ಮುಖ ಬೆಳಗಿತು. ಕೊನೆಗೂ ಹೇಳಲು ಸರಿಯಾದವರು ಸಿಕ್ಕಿದ್ದರು. "ನಮ್ಮ ಚೀಟಿ ಪವಾಡ ಕೇಳಿ. ಆರು ವಾರ ನಂಗೂ ನನ್ನ ಗೆಳೆಯನಿಗೂ ಆರೇ ಬಂತು. ಅವನಿಗೆ ಹಲ್ಲುನೋವು ಬಂದ ದಿನದಿಂದ ನಂಗೆ ಮೂರು ವಾರವೂ ಬರೀ ಒಂದು!"

ಪೆನ್ಸಿಲಿನವನು ಕಾಗದದ ಮೇಲೆ ಗುಣಿಸಿದ, ಕಾಗದ ಸಾಲದೆ ಹಿಂಬದಿಗೂ ಹೋದ, ಕೊನೆಗೆ ಇದು ಸಾಧ್ಯವೇ ಇಲ್ಲವೆಂದು ತಲೆಯಾಡಿಸಿದ. ಅಷ್ಟರಲ್ಲಿ ಕೈಚೀಲದವಳ ಕಣ್ಣು ಗುಂಡಿಯಣ್ಣನ ಕೋಟಿನ ಮೇಲೆ ಬಿತ್ತು. ಅಲ್ಲಿಂದ ಕತ್ತರಿಯಕ್ಕನ ಕೋಟಿಗೆ. ಅಲ್ಲಿಂದ ಮೇಜು ಮೇಜು ದಾಟುತ್ತಾ ಇಡೀ ಕೋಣೆಗೆ. ಎಲ್ಲೆಲ್ಲೂ ಎರಡನೇ ಗುಂಡಿಯ ಜಾಗದಲ್ಲಿ ಎರಡೆಳೆ ದಾರ.

"ಇದು ಯಾವ ಗುಂಪಿನ ಗುರುತು?"

ಎಲ್ಲರ ಕೈಯೂ ಎದೆಯ ಮೇಲೆ ಹೋಯಿತು.

"ಶುರು ಮಾಡಿದವರು ಯಾರು?"

ಅರವತ್ತು ಬೆರಳುಗಳು ಗುಂಡಿಯಣ್ಣನ ಕಡೆ ತಿರುಗಿದವು. ಎಲ್ಲಕ್ಕಿಂತ ಮೊದಲಿನದು, ಎಲ್ಲಕ್ಕಿಂತ ನೆಟ್ಟಗಿನದು ಸರದಿ ಸಂಗಾತಿಯದು.

"ಚೀಟಿಯಲ್ಲಿ ಮೋಸ, ಗುಂಪಿಗೆ ಗುರುತು, ಅದಕ್ಕೊಬ್ಬ ನಾಯಕ" ಎಂದಳು ಆಕೆ. ಪೆನ್ಸಿಲಿನವನು ‘ಡಬ್ಬಿ ಕಾರ್ಖಾನೆ’ ಎಂದು ಬರೆದು ಕೆಳಗೆ ಗೆರೆ ಎಳೆದ. ಗುಂಡಿಯಣ್ಣನಿಗೆ ನಡೆಯುತ್ತಿರುವುದು ಇನ್ನೂ ಅರ್ಥವಾಗಿರಲಿಲ್ಲ. ಡಬ್ಬಿ ಕಾರ್ಖಾನೆ ಬಹಳ ದೂರ ಎಂಬುದೊಂದು ಅರ್ಥವಾಯಿತು. ಅವನು ಆರನೇ ಮೇಜಿನ ಕಡೆ ನೋಡಿದ.

"ಏನಾದರೂ ಹೇಳುವವರು ಇದ್ದೀರಾ?" ಎಂದು ಆಕೆ ಕೇಳಿದಳು. "ಈ ಗುಂಪಿನವರ ಮಾತು ಬೇಡ. ಹೊರಗಿನವರು ಯಾರಾದರೂ?"

ಗೋಡೆಗೆ ಮುಖ ಮಾಡಿದ್ದ ಗೊಣಗಪ್ಪ ಎದ್ದು ತಿರುಗಿದ. ಐದೂ ಗುಂಡಿ ಹಾಕಿದ ಅವನ ಕೋಟನ್ನು ನೋಡಿ ಆಕೆಗೆ ಸಮಾಧಾನವಾಯಿತು. ಕಾರ್ಖಾನೆಯಲ್ಲಿ ನಂಬತಕ್ಕವನು ಒಬ್ಬನಾದರೂ ಇದ್ದಾನಲ್ಲ!

"ನಾಯಕನಂತೆ!" ಎಂದು ಶುರು ಮಾಡಿದ ಗೊಣಗಪ್ಪ. "ತನ್ನ ಚಮಚ ಹಿಡಿಯೋಕೆ ಬರಲ್ಲ ಅವನಿಗೆ. ಆ ಗುಂಡಿ ಹೋಗಿ ಆರು ವರ್ಷವಾಯ್ತು. ಸಮಾನತೆ ಬಂದ ದಿನ ಸಂತೋಷಕ್ಕೆ ತಬ್ಬಿಕೊಂಡಾಗ ಕಿತ್ತದ್ದು. ತಬ್ಬಿಕೊಂಡೋನು ನಾನೇ. ಇವರೆಲ್ಲ ಯಾಕೆ ಕಿತ್ಕೊಂಡ್ರು ಅಂತ ಇವರನ್ನೇ ಕೇಳಿ, ಅವನಿಗೆ ಗೊತ್ತಿಲ್ಲ. ಬಿದ್ದ ಗುಂಡೀನೆಲ್ಲ ಆರಿಸಿಡ್ತಿದಾನೆ ಪೆದ್ದ."

"ಮತ್ತೆ ಚೀಟಿ?"

ಗೊಣಗಪ್ಪ ಬಗ್ಗಿ ಮೇಜಿನ ಗಿಡ್ಡ ಕಾಲಿನ ಕೆಳಗಿಂದ ಮಡಚಿದ ಕಾಗದದ ಕಟ್ಟನ್ನು ಎಳೆದ. ಮೇಜು ವಾಲಿತು, ತಟ್ಟೆ ಜಾರಿ ನೆಲಕ್ಕೆ ಬಿತ್ತು. ಕಟ್ಟಿನಲ್ಲಿದ್ದವು ಹನ್ನೆರಡು ಚೀಟಿಗಳು. ಆಕೆ ಒಂದೊಂದಾಗಿ ಬಿಚ್ಚಿ ಓದಿದಳು. ಮೂರು, ಒಂದು. ಎರಡು, ಐದು. ಒಂದು, ನಾಲ್ಕು. ಹನ್ನೆರಡು ಚೀಟಿಗಳಲ್ಲಿ ಯಾವುದರಲ್ಲೂ ‘ಆರು’ ಎಂದು ಇರಲಿಲ್ಲ.

"ಇಲ್ಲಿ ಯಾರೂ ಚೀಟಿ ಪ್ರಕಾರ ಕೂರಲ್ಲ" ಎಂದ ಗೊಣಗಪ್ಪ. "ಎತ್ತಿ ಜೇಬಿಗೆ ಹಾಕ್ಕೊಂಡು ಅವರವರ ಜಾಗಕ್ಕೆ ಹೋಗ್ತಾರೆ. ಅದು ಗೊತ್ತಿಲ್ದೆ ಇರೋನು ಅವನೊಬ್ಬ. ಚೀಟೀಲಿ ಏನಿದೆ ಅಂತ ಹೇಳಿದ್ರೆ ಅಲ್ಲೇ ಹೋಗಿ ಕೂತ್ಬಿಡ್ತಿದ್ದ. ಅದಕ್ಕೆ ನಾನು ಪ್ರತಿ ಸೋಮವಾರ ಆರು ಅಂತ ಸುಳ್ಳು ಹೇಳ್ದೆ. ಬರ್ಕೊಳ್ಳಿ. ಡಬ್ಬಿ ಕಾರ್ಖಾನೆಗೆ ಕಳಿಸೋದಾದ್ರೆ ನನ್ನ ಕಳಿಸಿ."

"ಯಾಕೆ ಸುಳ್ಳು ಹೇಳಿದ್ರಿ?"

ಗೊಣಗಪ್ಪ ನೆಲ ನೋಡಿದ. ಗೊಣಗುವುದಕ್ಕೆ ಏನೂ ಸಿಗದೆ ಅವನು ಕಷ್ಟಪಟ್ಟದ್ದನ್ನು ಜನ ನೋಡಿದ್ದು ಅದೇ ಮೊದಲು. "ಊಟಕ್ಕೆ ಜೊತೆ ಬೇಕಲ್ರಿ" ಎಂದ.

ಗುಂಡಿಯಣ್ಣ ಬಂದು ಆ ಚೀಟಿಗಳನ್ನು ಕೈಗೆತ್ತಿಕೊಂಡು ನೋಡಿದ. "ಇದ್ರಲ್ಲಿ ಒಂದನೇ ಮೇಜು ಇದೆಯಲ್ಲೋ. ನಿಂಗೂ ಬಂದಿತ್ತಾ?"

"ಬಂದಿತ್ತು."

"ಮತ್ತೆ ಹೋಗಿ ಕೂರ್ಬಾರ್ದಿತ್ತಾ? ಅಲ್ಲಿ ಮೂರು ಆಲೂಗಡ್ಡೆ ಹಾಕ್ತಾರೆ ಕಣೋ!"

"ನಿನ್ನ ಚಮಚ ಯಾರು ಎತ್ಕೊಡ್ತಿದ್ರು?"

ಗುಂಡಿಯಣ್ಣನ ಕಣ್ಣಲ್ಲಿ ನೀರು ಬಂತು. ಮುಚ್ಚಿಡುವುದು ಅವನಿಗೆ ಗೊತ್ತಿರಲಿಲ್ಲವಾದ್ದರಿಂದ ಎಲ್ಲರೆದುರೇ ಕೋಟಿನ ತೋಳಿನಲ್ಲಿ ಒರೆಸಿಕೊಂಡ. ಸೌಟಮ್ಮ ಪಾತ್ರೆಯ ಕಡೆ ತಿರುಗಿಕೊಂಡು ಸುಮ್ಮಸುಮ್ಮನೆ ಕದಡಿದಳು.

ಕೈಚೀಲದವಳು ಸರದಿ ಸಂಗಾತಿಯ ಕಡೆ ತಿರುಗಿದಳು. ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ಸರದಿಯ ಪಟ್ಟಿ ಎಲ್ಲಿ?"

"ತಯಾರಾಗ್ತಾ ಇದೆ."

"ನಮ್ಮಲ್ಲೂ ತಯಾರಾಗ್ತಾ ಇದೆ" ಎಂದು ಆಕೆ ನಿಟ್ಟುಸಿರು ಬಿಟ್ಟಳು. "ನಮ್ಮ ಕಚೇರಿಯ ಊಟದ ಕೋಣೆಯಲ್ಲೂ ಒಂದು ಕಿಟಕಿ ಇದೆ. ಇವರು ಬಾಗಿಲ ಹತ್ತಿರ ಕೂರ್ತಾರೆ." ಪೆನ್ಸಿಲಿನವನು ಹೌದೆಂದು ತಲೆಯಾಡಿಸಿದ. "ಮೂವತ್ತೊಂದು ಕಾರ್ಖಾನೆ ನೋಡಿದೀನಿ. ಎಲ್ಲ ಕಡೆ ಚೀಟಿ ಎತ್ತುತ್ತಾರೆ. ಚೀಟಿಯಲ್ಲಿ ಹೇಳಿದ ಜಾಗಕ್ಕೆ ಹೋಗಿ ಕೂತ ಮನುಷ್ಯನನ್ನ ಇವತ್ತೇ ನೋಡಿದ್ದು." ಆಕೆ ಗುಂಡಿಯಣ್ಣನ ಕೈ ಕುಲುಕಿದಳು. ಗೊಣಗಪ್ಪನ ಕೈಯನ್ನೂ ಕುಲುಕಿದಳು, ಸ್ವಲ್ಪ ಹೆಚ್ಚೇ ಹೊತ್ತು.

"ಏನಂತ ಬರೀಲಿ?" ಎಂದ ಪೆನ್ಸಿಲಿನವನು.

"ಡಬ್ಬಿ ಕಾರ್ಖಾನೆ ಹೊಡೆದುಹಾಕು. ಚೀಟಿಯ ಪ್ರಕಾರ ಕೂತವರು, ಒಬ್ಬರು. ಇಲ್ಲಿಯವರೆಗಿನ ಅತಿ ಹೆಚ್ಚು."

ಆ ವರದಿಯ ಮೇಲೆ ಕಾರ್ಖಾನೆಗೆ ಮೆಚ್ಚುಗೆಯ ಪತ್ರ ಬಂತು. ಅದಕ್ಕೆ ಚೌಕಟ್ಟು ಹಾಕಿಸಿ ಕಿಟಕಿಯ ಪಕ್ಕ, ಒಂದನೇ ಮೇಜಿನ ಮೇಲ್ಗಡೆ ನೇತುಹಾಕಿದರು. ಚೀಟಿಯ ಡಬ್ಬದಲ್ಲಿ ಸೌಟಮ್ಮ ಉಪ್ಪು ತುಂಬಿಟ್ಟಳು.

ಮರುದಿನ ಬೆಳಿಗ್ಗೆ ಗುಂಡಿಯಣ್ಣ ಆರಿಸಿಟ್ಟ ಗುಂಡಿಗಳ ಡಬ್ಬಿ ಹಿಡಿದು ಮೇಜಿನಿಂದ ಮೇಜಿಗೆ ಹೋದ. ಯಾರ ಮೇಲೂ ಸಿಟ್ಟಿಲ್ಲ, ಯಾರನ್ನೂ ಒಂದು ಮಾತು ಕೇಳಲಿಲ್ಲ. ತನ್ನ ಕಡೆ ಬೆರಳು ತೋರಿದವರ ಎದೆಯ ಮೇಲೇ ಬಗ್ಗಿ, ಒಬ್ಬೊಬ್ಬರ ಎರಡನೇ ಗುಂಡಿಯನ್ನೂ ಕಂದು ದಾರದಲ್ಲಿ, ಇನ್ನು ಇಪ್ಪತ್ತು ವರ್ಷ ಅಲ್ಲಾಡದ ಹಾಗೆ ಹೊಲಿದುಕೊಟ್ಟ. ಸರದಿ ಸಂಗಾತಿಯದನ್ನೂ ಅಷ್ಟೇ ಗಟ್ಟಿಯಾಗಿ. ಅಂಥ ದೊಡ್ಡ ಮನಸ್ಸನ್ನು ಆ ಕೋಣೆ ಅದಕ್ಕೆ ಮೊದಲು ನೋಡಿರಲಿಲ್ಲ. ಕೆಲವರಿಗೆ ಅವನ ತಲೆಯನ್ನು ಅಷ್ಟು ಹತ್ತಿರದಿಂದ ನೋಡುವುದು ಕಷ್ಟವಾಗಿ ಕಿಟಕಿಯ ಕಡೆ ಮುಖ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಇಡೀ ಕಾರ್ಖಾನೆಯಲ್ಲಿ ಎಲ್ಲರ ಕೋಟಿನಲ್ಲೂ ಐದೈದು ಗುಂಡಿ.

ಒಬ್ಬನದನ್ನು ಬಿಟ್ಟು.

"ಇಲ್ಲಿ ಬಾ" ಎಂದ ಗೊಣಗಪ್ಪ ಆರನೇ ಮೇಜಿನಿಂದ. "ನಾಳೆ ಹೊಲೀತೀನಿ ಅಂದ್ರೆ ನೋಡು ಮತ್ತೆ."

ಅವನ ಹತ್ತಿರ ಇದ್ದದ್ದು ಹಿಡಿಯ ಬುಡಕ್ಕೆ ಸುತ್ತುವ ದಪ್ಪ ಕೆಂಪು ದಾರ. ಕೈಯೋ ಹಿಡಿ ಬಡಿದು ಬಡಿದು ಮರಗಟ್ಟಿದ ಕೈ. ನಾಲ್ಕು ಸಲ ಗುಂಡಿಯಣ್ಣನ ಎದೆಗೆ ಚುಚ್ಚಿ, ನಾಲ್ಕು ಸಲವೂ ಅಲ್ಲಾಡಿದ್ದಕ್ಕೆ ಅವನನ್ನೇ ಬೈದು, ಸೊಟ್ಟಗೆ ಹೊಲಿದು ಹಲ್ಲಿನಲ್ಲಿ ದಾರ ಕಡಿದ. ಹಲ್ಲು ಮತ್ತೆ ನೋಯಿತು. ಗುಂಡಿಯಣ್ಣ ಬಗ್ಗಿ ಆ ಸೊಟ್ಟ ಗುಂಡಿಯನ್ನು ನೋಡಿದ. ಲಕ್ಷಗಟ್ಟಲೆ ಗುಂಡಿ ನೋಡಿದ ಕಣ್ಣು ಅದು. "ಇಷ್ಟು ಚೆನ್ನಾಗಿ ಯಾರೂ ಹೊಲಿಯಲ್ಲ ಕಣೋ" ಎಂದ. ಅದು ಅವನ ಮನಸ್ಸಿನ ಮಾತೇ ಆಗಿತ್ತು.

ಸೌಟಮ್ಮ ಅಂದು ಪಾತ್ರೆಯನ್ನು ಮೊದಲು ಆರನೇ ಮೇಜಿಗೆ ತಂದಳು. ಯಾರೂ ಯಾಕೆಂದು ಕೇಳಲಿಲ್ಲ. ಸೌಟು ತಳ ಮುಟ್ಟಿ ಬಂತು.

ಇದಾಗಿ ನಾಲ್ಕನೇ ದಿನ. ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದರು. ಕತ್ತರಿಯಕ್ಕ ಕೈ ತೊಳೆಯಲು ನಲ್ಲಿಗೆ ಬಂದಳು. ಈ ಸಲ ಕೈ ಕೊಡವದೆ ತನ್ನ ಕೋಟಿಗೇ ಒರೆಸಿಕೊಂಡಳು. ಅವಳ ಐದು ಗುಂಡಿಗಳಲ್ಲಿ ಎರಡನೆಯದು ಸ್ವಲ್ಪ ಸೊಟ್ಟಗಿತ್ತು. ಅದರ ನಾಲ್ಕು ತೂತಿನಲ್ಲಿ ದಪ್ಪ ಕೆಂಪು ದಾರ ಎದ್ದು ಕಾಣುತ್ತಿತ್ತು. ಗುಂಡಿಯಣ್ಣ ಬೆರಗಾಗಿ ಒಂದನೇ ಮೇಜಿನ ಕಡೆ ನೋಡಿದ. ಅಲ್ಲಿ ಎಲ್ಲರದೂ ಕೆಂಪು. ಎರಡನೇ ಮೇಜಿನಲ್ಲಿ ಇಬ್ಬರು ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದರು.

"ನೋಡೋ, ನೋಡೋ!" ಎಂದ ಗುಂಡಿಯಣ್ಣ, ಮುಖ ಅರಳಿಸಿಕೊಂಡು. "ಎಲ್ಲರೂ ನಮ್ಮ ಹಾಗೇ ಆಗ್ಬಿಟ್ರು!" ಆ ಸಂಭ್ರಮದಲ್ಲಿ ಅವನ ಚಮಚ ಕೈಜಾರಿ ಬಿತ್ತು.

ಗೊಣಗಪ್ಪ ಗೊಣಗುತ್ತಾ ಮೇಜಿನ ಕೆಳಗೆ ಬಗ್ಗಿದ. ಮೊದಲು ಚೀಟಿಯ ಕಟ್ಟನ್ನು ಗಿಡ್ಡ ಕಾಲಿನ ಕೆಳಗೆ ಸರಿಯಾಗಿ ಒತ್ತಿ, ಆಮೇಲೆ ಚಮಚ ಎತ್ತಿ ಕೊಟ್ಟ.

"ಉಣ್ಣು, ಸೂಪು ಆರುತ್ತೆ" ಎಂದ.